ಬಿಸಿಲಿಗೆ ಹಾಸಿದ ಪಾತಿ

ಟೊಮೆಟೊ ಬೆಳೆಯುವುದರಲ್ಲಿ ಹಣ್ಣು ಕೀಳುವುದಕ್ಕಿಂತ ನನಗೆ ಹೆಚ್ಚು ಇಷ್ಟವಾದ ಕೆಲಸ ಏಪ್ರಿಲ್ ತಿಂಗಳದ್ದು. ಆಗ ಪಾತಿಯಲ್ಲಿ ಒಂದು ಗಿಡವೂ ಇರುವುದಿಲ್ಲ. ಮಣ್ಣು ಅಗೆದು, ಹೆಂಟೆ ಒಡೆದು, ಹಳೆಯ ಬೇರು ಆರಿಸಿ, ಚೆನ್ನಾಗಿ ನೀರುಣಿಸಿ, ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸುತ್ತೇನೆ. ಒಳಗೆ ಗಾಳಿ ಆಡದಂತೆ ಅಂಚಿಗೆಲ್ಲ ಮಣ್ಣು ಮುಚ್ಚುತ್ತೇನೆ. ಕಪ್ಪು ಹಾಳೆ ಬೇಡ, ಬಿಸಿಲನ್ನು ತಾನೇ ಕುಡಿದುಬಿಡುತ್ತದೆ. ಇಸ್ರೇಲಿನ ವಿಜ್ಞಾನಿ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಕ್ರಮವಿದು. ನಮ್ಮ ಬಯಲುಸೀಮೆಯ ಬೇಸಿಗೆಗೆ ಹೇಳಿ ಮಾಡಿಸಿದ ಹಾಗಿದೆ. ನಾಲ್ಕರಿಂದ ಆರು ವಾರ ಹಾಗೇ ಬಿಡಬೇಕು.

ಇಷ್ಟೆಲ್ಲ ಮಣ್ಣಿನಿಂದ ಬರುವ ಸೊರಗು ರೋಗವನ್ನು ಬಿಸಿಲಿನ ಕಾವಿನಿಂದ ತಡೆಯಲಿಕ್ಕಾಗಿ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಮುಚ್ಚುತ್ತದೆ. ಮೊದಲು ಕೆಳಗಿನ ಎಲೆ, ಅದೂ ಎಷ್ಟೋ ಸಲ ಒಂದೇ ಮಗ್ಗುಲು, ಹಳದಿಯಾಗುತ್ತದೆ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ಗಿಡ ಹೋದರೂ ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಸ್ಕ್ಲೆರೋಶಿಯಂ ಎಂಬ ಇನ್ನೊಂದು ಶಿಲೀಂಧ್ರ ಬುಡಕ್ಕೇ ಕೈಹಾಕುತ್ತದೆ: ನೆಲಮಟ್ಟದಲ್ಲಿ ಬಿಳಿ ನೂಲು, ನಡುವೆ ಸಾಸಿವೆ ಗಾತ್ರದ ಗುಂಡುಗಳು. ಆದರೆ ಎಲೆ ಹಸಿರಾಗಿರುವಾಗಲೇ ಗಿಡ ದಿಢೀರನೆ ಬಾಡಿದರೆ ಕಾಂಡದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು ನೋಡಬೇಕು. ಬೆಳ್ಳಗಿನ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಕೆಲಸ, ಅದರ ದಾರಿ ಬೇರೆ.

ಹಾಳೆಯಡಿ ಮಣ್ಣು ಕಾಯುತ್ತಿರುವಾಗ ನೆರಳಿನಲ್ಲಿ ಇನ್ನೊಂದು ಕೆಲಸ ನಡೆದಿರುತ್ತದೆ, ನನಗೆ ಅತ್ಯಂತ ಪ್ರಿಯವಾದದ್ದು. ಚೆನ್ನಾಗಿ ಕಳಿತ 10 ಕಿಲೊ ಕೊಟ್ಟಿಗೆ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮ, ಒಂದು ಬೊಗಸೆ ಬೇವಿನ ಹಿಂಡಿ. ನೀರು ಚಿಮುಕಿಸಿ ಗೋಣಿ ಹೊದಿಸಿ, ಆಗಾಗ ಮಗುಚುವುದು. ಎರಡು ವಾರ ಕಳೆದು ಗೋಣಿ ಎತ್ತಿದಾಗ ಗೊಬ್ಬರದ ಮೇಲೆ ಹಸಿರು ಹುಡಿ ಕಂಡರೆ ಹಿಗ್ಗೋ ಹಿಗ್ಗು! ಟ್ರೈಕೋಡರ್ಮವೂ ಶಿಲೀಂಧ್ರವೇ; ರೋಗ ತರುವ ಶಿಲೀಂಧ್ರಗಳ ಎಳೆಗಳಿಗೆ ಸುತ್ತಿಕೊಂಡು ಅವುಗಳ ಗೋಡೆ ಕರಗಿಸಿ ತಿನ್ನುತ್ತದೆ. ಬಿಸಿಲಿನಿಂದ ಹಗುರಾದ ಪಾತಿಗೆ ಮೊದಲು ಇಳಿಯಬೇಕಾದದ್ದು ಇದು, ಆಮೇಲೆ ಸಸಿ.

ಹಾಳೆ ತೆಗೆದ ಮೇಲೆ ಆಳಕ್ಕೆ ಅಗೆಯುವುದಿಲ್ಲ, ಬಿಸಿಲು ತಾಗದ ಅಡಿಮಣ್ಣು ಮೇಲೆ ಬರಬಾರದು. ಇಷ್ಟಾದರೂ ಒಂದು ಗಿಡ ಸೊರಗಿದರೆ ಔಷಧಿ ಸುರಿದು ಉಳಿಸುವ ಆಸೆ ನನಗಿಲ್ಲ. ಬೇರು, ಸುತ್ತಲಿನ ಮಣ್ಣು ಸಮೇತ ಕಿತ್ತು ಹೊರಹಾಕುತ್ತೇನೆ, ಗೊಬ್ಬರದ ಗುಂಡಿಗಂತೂ ಹಾಕುವುದಿಲ್ಲ. ಮುಂದಿನ ಸಲ ಆ ಪಾತಿಗೆ ಮುಸುಕಿನ ಜೋಳ, ಟೊಮೆಟೊ ಇನ್ನೊಂದು ಮೂಲೆಗೆ.