ಗೋಡೆಗೆ ಕಥೆ ಹೇಳಿದ ಅಜ್ಜ

ಸರ್ಪಹುಣ್ಣಿಗೆ ಮದ್ದು ಹಾಕುತ್ತಿದ್ದ ಪಕ್ಕದೂರಿನ ಅಜ್ಜಿ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮೂರು ವರ್ಷದ ಹಿಂದೆ ನಾವು ಅವರ ಬಗ್ಗೆ ಸುದ್ದಿ ಮಾಡಿದ್ದೆವು. ನೂರೈವತ್ತು ಪದ, ಒಂದು ಫೋಟೊ. ಅವರಿನ್ನೂ ಮಾತಾಡುತ್ತಲೇ ಇದ್ದರು. ನಮಗೆ ಬಸ್ಸಿನ ಹೊತ್ತಾಗಿತ್ತು, ಎದ್ದು ಬಂದೆವು.

ಆ ಕೊರಗಿನಲ್ಲಿ, ಬೇರೆ ಕಡೆ ಇಂಥದ್ದನ್ನು ಯಾರಾದರೂ ಬರೆದಿಟ್ಟಿದ್ದಾರಾ ಎಂದು ಫೋನಿನಲ್ಲಿ ಹುಡುಕಿದೆವು. ಸಿಕ್ಕಿದ್ದು ಐರ್ಲೆಂಡ್. ಇಂಗ್ಲೆಂಡಿನ ಪಕ್ಕದ ದ್ವೀಪ, ಅದೂ ರೈತರ ನಾಡೇ.

1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಹೇಳಿತು: ಮನೆಯ, ನೆರೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. 50,000ಕ್ಕೂ ಹೆಚ್ಚು ಮಕ್ಕಳು ಬರೆದರು. ಎಲ್ಲ ಸೇರಿ ಸುಮಾರು 7,40,000 ಪುಟ! ಈಗ ಡಬ್ಲಿನ್ ವಿಶ್ವವಿದ್ಯಾಲಯವೊಂದರಲ್ಲಿವೆ, ಫೋನಿನಲ್ಲೂ ಓದಬಹುದು.

ಅದರಲ್ಲಿ ಮನೆಮದ್ದೂ ಇದೆ. ನಾಯಿಕೆಮ್ಮು ಬಂದ ಮಗುವನ್ನು ಕತ್ತೆಯ ಹೊಟ್ಟೆಯಡಿ ದಾಟಿಸುತ್ತಿದ್ದರು. ಇಲ್ಲವೇ ಬಿಳಿ ಕುದುರೆ ಏರಿ ಬಂದವನನ್ನು ತಡೆದು ಕೇಳುತ್ತಿದ್ದರು, ಅವನು ಹೇಳಿದ್ದೇ ಮದ್ದು. ಏಳನೇ ಮಗನ ಏಳನೇ ಮಗನಿಗೆ ಕೈಗುಣ ಇದೆ ಎಂಬ ನಂಬಿಕೆ. ಮದ್ದಿಗೆ ದುಡ್ಡು ಮುಟ್ಟಬಾರದು, ಗುಟ್ಟು ಬಿಡಬಾರದು ಎಂದು ಬಹಳ ಕಡೆ ಕಟ್ಟುನಿಟ್ಟು. ನಮ್ಮ ಅಜ್ಜಿಯೂ ದುಡ್ಡು ಮುಟ್ಟುತ್ತಿರಲಿಲ್ಲ. (ನಾಯಿಕೆಮ್ಮು ಬಾರದಂತೆ ತಡೆಯಲು ಇವತ್ತು ಲಸಿಕೆ ಇದೆ, ಕತ್ತೆ ಬೇಡ. ಯಾರೂ ಪ್ರಯೋಗಕ್ಕೆ ಇಳಿಯಬೇಡಿ.)

ಕಥೆಗೆ ಚಳಿಗಾಲದ ರಾತ್ರಿಯೇ ಆಗಬೇಕಿತ್ತು. ಒಲೆಯಲ್ಲಿ ಜೌಗು ನೆಲದಿಂದ ಕಡಿದು ಒಣಗಿಸಿದ ಹೆಂಟೆ ಉರಿಯುತ್ತಿತ್ತು, ಸುತ್ತ ಊರವರು. ವೀರರ ಕಥೆ ಹಗಲಲ್ಲಿ ಹೇಳಿದರೆ ಕೇಡು ಎನ್ನುತ್ತಿದ್ದರು.

ಕೆರ್ರಿ ಜಿಲ್ಲೆಯ ಕಡಲಂಚಿನಲ್ಲಿ ಶಾನ್ ಓ ಕಾನಲ್ ಎಂಬ ರೈತ ಇದ್ದರು. ಓದು ಬರಹ ಬಾರದು, ತಲೆ ತುಂಬ ಕಥೆ. ಕಾಲ ಬದಲಾಯಿತು, ಕೇಳುವವರು ಕಡಿಮೆಯಾದರು. ಮರೆತು ಹೋದೀತೆಂಬ ಹೆದರಿಕೆಗೆ ದನ ಮೇಯಿಸುತ್ತಾ, ಕೈಬಾಯಿ ಆಡಿಸುತ್ತಾ, ಕಲ್ಲುಗೋಡೆಗೆ ಕಥೆ ಹೇಳುತ್ತಿದ್ದರಂತೆ. ಮಗ ಕಣ್ಣಾರೆ ಕಂಡಿದ್ದ. 1923ರಲ್ಲಿ ಜೇಮ್ಸ್ ಡೆಲಾರ್ಜಿ ಎಂಬ ತರುಣ ಅವರ ಮನೆಗೆ ಹೋದ. ಒಂದೇ ಸಲ ಹೋಗಿ ಬಿಡಲಿಲ್ಲ. ಅಜ್ಜ 1931ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮತ್ತೆ ಹೋಗಿ ಬರೆದುಕೊಂಡ. 1948ರಲ್ಲಿ ಪುಸ್ತಕ ಬಂತು.

ನಾವು ಹೋಗಿದ್ದು ಒಂದೇ ಸಲ.

ಹೋದ ವಾರ ಆ ಅಜ್ಜಿಯ ಸೊಸೆಯನ್ನು ಕಂಡು, ಮದ್ದಿನ ಸೊಪ್ಪು ಯಾವುದು ಎಂದು ಕೇಳಿದೆವು.

"ಅತ್ತೆ ನನಗೆ ಹೇಳಿಕೊಡಲಿಲ್ಲ ಸಾರ್. ನೀವು ಬರ್ಕೊಂಡು ಹೋಗಿದ್ರಲ್ಲ?" ಅಂದರು.

ಮನೆಗೆ ಬಂದು ಹಳೇ ನೋಟ್‌ಬುಕ್ ತೆಗೆದೆವು. ಹೆಸರು, ವಯಸ್ಸು, ಊರು ಇತ್ತು.