ಆಗುಂಬೆಯ ಹಾದಿಯಲ್ಲಿ ಕ್ಲಚ್ಚಿನ ಪಾಠ

ಉಡುಪಿಯಿಂದ ಆಗುಂಬೆಗೆ ಹೋಗುವ ಹಾದಿ ಕಣ್ಣಿಗೆ ಹಬ್ಬ. ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರುಗಳನ್ನು ದಾಟಿ ಹೆಬ್ರಿಯನ್ನು ಸೇರುವ ಹೊತ್ತಿಗೆ ಸಹ್ಯಾದ್ರಿಯ ನೀಲಿ ಗೋಡೆ ಎದುರಿಗೆ ಬಂದು ನಿಲ್ಲುತ್ತದೆ. ಮಳೆಗಾಲ ಮುಗಿದ ಕಾರ್ತಿಕ ಮಾಸದಲ್ಲಂತೂ ಗದ್ದೆಗಳ ಹೊಂಬಣ್ಣ, ಕಾಡಿನ ಹಸುರು, ತಿಳಿನೀರಿನ ತೊರೆ, ಎಲ್ಲವೂ ಒಟ್ಟಿಗೆ ದೊರೆಯುತ್ತವೆ. ಆದರೆ ಹಳೆಯ ಕಾರಿನಲ್ಲಿ ಹೊರಟವನಿಗೆ ಈ ದಾರಿ ಪರೀಕ್ಷೆಯೂ ಹೌದೆಂಬುದನ್ನು ನಾನು ಅನುಭವದಿಂದ ಬಲ್ಲೆ.

ತೀರ್ಥಹಳ್ಳಿಯ ಸೋದರಮಾವನಿಗೆ ಸಹಸ್ರಚಂದ್ರದರ್ಶನದ ಶಾಂತಿ. ಮರುದಿನ ಬೆಳಗ್ಗೆಯೇ ಮುಹೂರ್ತ. ಅಣ್ಣನ ಮನೆಯ ಈ ಶುಭಕಾರ್ಯಕ್ಕಾಗಿ ಅಮ್ಮ ತಿಂಗಳಿಂದ ದಿನ ಎಣಿಸುತ್ತಿದ್ದಳು. ಬಸ್ಸಿನಲ್ಲಿ ಘಾಟಿ ಹತ್ತಿದರೆ ಅವಳಿಗೆ ತಲೆ ಸುತ್ತುತ್ತದೆ. ಆದುದರಿಂದ ನಮ್ಮ ಮಾರುತಿ ೮೦೦ರಲ್ಲಿಯೇ ಹೊರಡುವುದೆಂದು ನಿಶ್ಚಯವಾಯಿತು. ೧೯೮೩ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದು, ೨೦೧೪ರಲ್ಲಿ ತಯಾರಿಕೆ ನಿಲ್ಲುವವರೆಗೆ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕಾರಾದ ಬಂಡಿ ಅದು. ನಮ್ಮದು ೧೯೯೮ರದು. ಅಪ್ಪ ಕೊಂಡದ್ದು, ಅವನ ನಂತರ ನನ್ನ ಕೈಗೆ ಬಂದದ್ದು. ಮೂರು ಸಿಲಿಂಡರಿನ ೭೯೬ ಸಿ.ಸಿ. ಎಂಜಿನ್ನು ಇನ್ನೂ ಗಟ್ಟಿಯಾಗಿಯೇ ಇತ್ತು.

ಪರ್ಕಳ ದಾಟಿದ ಮೇಲೆ ಒಂದು ಏರಿನಲ್ಲಿ ಆಕ್ಸಿಲರೇಟರನ್ನು ಒತ್ತಿದೆ. ಎಂಜಿನ್ನು ಭೋರೆಂದು ಕೂಗಿತು. ವೇಗದ ಮುಳ್ಳು ಮಾತ್ರ ಇದ್ದಲ್ಲಿಯೇ ಇತ್ತು. ಪೆಟ್ರೋಲಿನಲ್ಲಿ ಕಸ ಸೇರಿರಬಹುದೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಪೆರ್ಡೂರಿನ ಬಳಿ ಅಮ್ಮ ಮೂಗು ಮುಚ್ಚಿಕೊಂಡು, "ಎಲ್ಲೋ ಏನೋ ಸುಟ್ಟ ವಾಸನೆ ಕಣೋ" ಎಂದಳು. ಯಾರೋ ತರಗೆಲೆ ಸುಡುತ್ತಿರಬಹುದು ಎಂದೆ. ಸುತ್ತ ಎಲ್ಲಿಯೂ ಹೊಗೆ ಇರಲಿಲ್ಲ. ನನಗೂ ಅದು ಗೊತ್ತಿತ್ತು.

ಹೆಬ್ರಿಯಲ್ಲಿ ರಸ್ತೆಬದಿಯ ಒಂದು ಸಣ್ಣ ಗ್ಯಾರೇಜಿನ ಮುಂದೆ ಕಾರನ್ನು ನಿಲ್ಲಿಸಿದೆ. ನೆರೆತ ಗಡ್ಡದ ಮೆಕ್ಯಾನಿಕ್ಕರು ನನ್ನ ಪುರಾಣವನ್ನೆಲ್ಲ ತಾಳ್ಮೆಯಿಂದ ಕೇಳಿ, ಎಂಜಿನ್ನನ್ನು ಆರಿಸಲು ಹೇಳಿದರು. ಬಳಿಕ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಕ್ಲಚ್ಚಿನ ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲಗೆ ಒತ್ತಿ ನೋಡಿದರು.

"ಇದಕ್ಕೆ ಉಸಿರಾಡ್ಲಿಕ್ಕೆ ಜಾಗವೇ ಇಲ್ಲವಲ್ಲ ಮಾರಾಯ್ರೆ!" ಎಂದರು.

ಅವರು ವಿವರಿಸಿದ್ದನ್ನು ವಾಚಕರಿಗೂ ತಿಳಿಸಿದರೆ ಉಪಯೋಗವಾದೀತು. ಎಂಜಿನ್ನು ಸದಾ ತಿರುಗುತ್ತಿರುತ್ತದೆ; ಆ ಶಕ್ತಿಯನ್ನು ಗೇರುಪೆಟ್ಟಿಗೆಗೆ ಕೂಡಿಸುವುದೂ ಬಿಡಿಸುವುದೂ ಕ್ಲಚ್ಚಿನ ಕೆಲಸ. ಎರಡು ಲೋಹದ ಮುಖಗಳ ನಡುವೆ ಒರಟು ಪದರ ಹಚ್ಚಿದ ಒಂದು ತಟ್ಟೆ ಇರುತ್ತದೆ. ಬಲವಾದ ಸ್ಪ್ರಿಂಗೊಂದು ಅದನ್ನು ಅಮುಕಿ ಹಿಡಿಯುತ್ತದೆ. ಪೆಡಲನ್ನು ತುಳಿದಾಗ ಕೇಬಲ್ಲು ಒಂದು ಸನ್ನೆಯನ್ನು ಎಳೆದು, ಬೇರಿಂಗಿನ ಮೂಲಕ ಆ ಸ್ಪ್ರಿಂಗಿನ ಹಿಡಿತವನ್ನು ಸಡಿಲಿಸುತ್ತದೆ. ಕಾಲನ್ನು ತೆಗೆದಾಗ ಬೇರಿಂಗಿನ ಒತ್ತಡ ಸ್ಪ್ರಿಂಗಿನ ಮೇಲೆ ಕಿಂಚಿತ್ತೂ ಇರಬಾರದು. ಅದಕ್ಕಾಗಿಯೇ ಪೆಡಲಿನ ತುದಿಯಲ್ಲಿ ಸ್ವಲ್ಪ ಬಿಡುನಡೆಯನ್ನು ಇಟ್ಟಿರುತ್ತಾರೆ. ಗ್ಯಾರೇಜಿನವರ ಮಾತಿನಲ್ಲಿ 'ಫ್ರೀ ಪ್ಲೇ'. ಇಂಥ ಚಿಕ್ಕ ಕಾರುಗಳಲ್ಲಿ ಅದು ಸುಮಾರು ೨೦ ಮಿಲಿಮೀಟರು, ಎಂದರೆ ಒಂದು ಹೆಬ್ಬೆರಳಿನ ಅಗಲ. ಖಚಿತವಾದ ಅಳತೆಯನ್ನು ಆಯಾ ಕಾರಿನ ಕೈಪಿಡಿಯಲ್ಲಿಯೇ ನೋಡಬೇಕು.

ತಟ್ಟೆ ಸವೆದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನತ್ತ ಸರಿಯುತ್ತವೆ. ಪೆಡಲಿನ ಬಿಡುನಡೆ ಕುಗ್ಗುತ್ತದೆ. ಕಾರು ಹೊರಡುವ ಹಂತ ಮೇಲೆ ಮೇಲೆ ಹೋಗುತ್ತದೆ. ಬಿಡುನಡೆ ಪೂರ್ತಿ ಮುಗಿದ ದಿನ, ಯಾರೂ ತುಳಿಯದಿದ್ದರೂ ಕ್ಲಚ್ಚು ತುಸು ತುಳಿದಂತೆಯೇ ಇರುತ್ತದೆ. ಆಗ ತಟ್ಟೆ ಜಾರುತ್ತದೆ, ಕಾಯುತ್ತದೆ, ಸುಟ್ಟ ವಾಸನೆ ಹೊಮ್ಮುತ್ತದೆ. ಇದಕ್ಕೆ ತದ್ವಿರುದ್ಧವಾದ ರೋಗವೂ ಉಂಟು. ಬಿಡುನಡೆ ಅತಿಯಾದರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಗೇರು, ಅದರಲ್ಲಿಯೂ ರಿವರ್ಸ್, ಕರಕರನೆ ಸದ್ದು ಮಾಡುತ್ತದೆ.

ಮೆಕ್ಯಾನಿಕ್ಕರು ಒಂದು ಪರೀಕ್ಷೆಯನ್ನೂ ಮಾಡಿದರು. ಮುಂದೆ ಯಾರೂ ನಿಲ್ಲದಂತೆ ನೋಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ನಾಲ್ಕನೆಯ ಗೇರಿನಲ್ಲಿ ಸ್ವಲ್ಪ ಆಕ್ಸಿಲರೇಟರು ಕೊಡುತ್ತ ಪೆಡಲನ್ನು ನಿಧಾನವಾಗಿ ಬಿಟ್ಟರು. ಕ್ಲಚ್ಚು ಸರಿಯಾಗಿದ್ದರೆ ಎಂಜಿನ್ನು ಕೂಡಲೇ ನಿಂತುಹೋಗಬೇಕು. ನಮ್ಮದು ನಿರಾತಂಕವಾಗಿ ಗುನುಗುತ್ತಲೇ ಇತ್ತು. "ಸಾಕು, ಇದನ್ನು ಪದೇ ಪದೇ ಮಾಡ್ಲಿಕ್ಕಿಲ್ಲ, ಇದ್ದ ತಟ್ಟೆಯೂ ಸುಟ್ಟುಹೋಗ್ತದೆ" ಎಂದು ಥಟ್ಟನೆ ಆರಿಸಿದರು. ಎಣ್ಣೆ ಸೋರಿ ತಟ್ಟೆ ಒದ್ದೆಯಾಗಿದ್ದರೂ ಹೀಗೆ ಜಾರುತ್ತದಂತೆ. ಅದಕ್ಕಾಗಿ ಕಾರಿನಡಿ ಮಲಗಿ ಟಾರ್ಚು ಬಿಟ್ಟು ನೋಡಿದರು. ಎಣ್ಣೆಯ ಕುರುಹು ಇರಲಿಲ್ಲ.

ಅರ್ಧ ಗಂಟೆ ಎಲ್ಲವೂ ಆರಲೆಂದು ಬಿಟ್ಟು, ಬಾನೆಟ್ಟು ತೆರೆದು, ಗೇರುಪೆಟ್ಟಿಗೆಯ ಬಳಿ ಕೇಬಲ್ಲಿನ ತುದಿಯಲ್ಲಿದ್ದ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದರು. ಪ್ರತಿ ಸಲವೂ ಪೆಡಲನ್ನು ಕೈಯಿಂದ ಒತ್ತಿ ಅಳೆದರು. ಹೆಬ್ಬೆರಳಿನ ಅಗಲದಷ್ಟು ಬಿಡುನಡೆ ಬಂದಿತು. ಮತ್ತೆ ಪರೀಕ್ಷಿಸಿದಾಗ ಎಂಜಿನ್ನು ಒಮ್ಮೆ ನಡುಗಿ ನಿಂತುಹೋಯಿತು. ಎಂಜಿನ್ನು ನಿಂತದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

"ಹಾಗಾದರೆ ಸರಿಹೋಯಿತೇ?" ಎಂದೆ.

"ಸರಿಹೋದದ್ದಲ್ಲ, ಸ್ವಲ್ಪ ಸಮಯ ಸಿಕ್ಕಿದ್ದು. ತಟ್ಟೆ ಹೆಚ್ಚು ಉಳಿದಿಲ್ಲ. ಈ ವಾರದಲ್ಲಿ ಬದಲಿಸಲೇಬೇಕು. ಒಂದು ಮಾತು ಹೇಳ್ತೇನೆ, ಬೇಸರ ಮಾಡಬೇಡಿ. ಇದು ಕಾರು ಹಳತಾಗಿ ಆದದ್ದಲ್ಲ, ನಿಮ್ಮ ಎಡಗಾಲಿನಿಂದ ಆದದ್ದು."

ಹೌದು. ಮಣಿಪಾಲದ ಏರಿನಲ್ಲಿ ವಾಹನಗಳ ಸಾಲು ನಿಂತಾಗ ಬ್ರೇಕು ಹಿಡಿಯದೆ ಅರ್ಧ ಕ್ಲಚ್ಚಿನಲ್ಲಿಯೇ ಕಾರನ್ನು ತಡೆದು ನಿಲ್ಲಿಸುವುದು ನನ್ನ ಜಾಣತನ. ಓಡುವಾಗಲೂ ಎಡಗಾಲನ್ನು ಪೆಡಲಿನ ಮೇಲೆ ವಿಶ್ರಮಿಸಲು ಬಿಡುವುದು ನನ್ನ ರೂಢಿ. ಬೆಂಚಿನ ಮೇಲೆ ಕುಳಿತಿದ್ದ ಅಮ್ಮ ಮೆಲ್ಲಗೆ, "ನಿನ್ನ ಅಪ್ಪನ ಕಾಲು ಯಾವಾಗಲೂ ನೆಲದ ಮೇಲೇ ಇರುತ್ತಿತ್ತು" ಎಂದಳು. ನಾನು ಉತ್ತರ ಕೊಡಲಿಲ್ಲ.

ಇನ್ನು ಉಳಿದದ್ದು ಘಾಟಿಯ ಪ್ರಶ್ನೆ. ವಯಸ್ಸಾದ ಅಮ್ಮನನ್ನು ಕೂರಿಸಿಕೊಂಡು ಹತ್ತಬಹುದೇ? "ಹೊರೆ ಕಡಿಮೆ ಮಾಡಿ. ಸೋಮೇಶ್ವರದವರೆಗೆ ಹೋಗಿ ನೋಡಿ. ವಾಸನೆ ಬಂದರೆ, ಎಂಜಿನ್ನು ಸುಮ್ಮನೆ ಕೂಗಿದರೆ, ಹಟ ಮಾಡದೆ ತಿರುಗಿ ಬನ್ನಿ. ಏರಿನಲ್ಲಿ ನಿಂತರೆ ಹ್ಯಾಂಡ್ ಬ್ರೇಕು, ಕ್ಲಚ್ಚಲ್ಲ" ಎಂದರು. ಅಣ್ಣನಿಗೆಂದು ಅಮ್ಮ ತಂದಿದ್ದ ತೆಂಗಿನಕಾಯಿಯ ಮೂಟೆ ಗ್ಯಾರೇಜಿನಲ್ಲಿಯೇ ಇಳಿಯಿತು. ಅದರಲ್ಲಿ ಎರಡು ಕಾಯಿಗಳನ್ನು ಅಮ್ಮ ಅವರ ಕೈಗಿತ್ತಳು.

ಸೋಮೇಶ್ವರದವರೆಗೆ ವಾಸನೆ ಬರಲಿಲ್ಲ. ಅಲ್ಲಿಂದ ಮುಂದೆ ಕಾಡು ದಾರಿಯನ್ನು ಎರಡು ಕಡೆಯಿಂದಲೂ ಆವರಿಸಿಕೊಳ್ಳುತ್ತದೆ. ೧೪ ಕಡಿದಾದ ತಿರುವುಗಳು; ಒಂದನ್ನು ದಾಟಿದರೆ ಇನ್ನೊಂದು ತಲೆಯ ಮೇಲೆಯೇ ಕಾಣಿಸುತ್ತದೆ. ಮೊದಲನೆಯ ಗೇರು, ಎರಡನೆಯ ಗೇರು, ಮತ್ತೆ ಮೊದಲನೆಯದು. ನನ್ನ ಕಿವಿ ಎಂಜಿನ್ನಿನ ದನಿಯ ಮೇಲೆ, ಮೂಗು ಗಾಳಿಯ ಮೇಲೆ. ಅಂದು ನಾನು ಮರಗಳನ್ನು ನೋಡಲೇ ಇಲ್ಲ. ಅಮ್ಮ ನನ್ನ ಪಾಲಿನದನ್ನೂ ನೋಡಿದಳು.

ಅರ್ಧ ದಾರಿಯಲ್ಲಿ, ತಿರುವಿನ ನಡುವೆಯೇ ಒಂದು ಕಾರು ಎದುರಾಯಿತು. ಘಾಟಿಯಲ್ಲಿ ಇಳಿಯುವವರು ಏರುವವರಿಗೆ ದಾರಿ ಕೊಡಬೇಕೆಂಬುದು ನಿಯಮ. ಆತನಿಗೆ ಅದರ ನೆನಪಿರಲಿಲ್ಲ. ನಿಲ್ಲಲೇಬೇಕಾಯಿತು. ಎಡಗಾಲು ಹಳೆಯ ಚಪಲದಿಂದ ಅರ್ಧ ಕ್ಲಚ್ಚನ್ನು ಹುಡುಕಿತು. ಅದನ್ನು ತಡೆದು ಗೇರನ್ನು ತಟಸ್ಥಕ್ಕೆ ತಂದೆ, ಹ್ಯಾಂಡ್ ಬ್ರೇಕನ್ನು ಎಳೆದೆ, ಕಾಲನ್ನು ನೆಲದ ಮೇಲಿಟ್ಟೆ. ದಾರಿ ತೆರವಾದ ಮೇಲೆ ಮೊದಲ ಗೇರಿಗೆ ಹಾಕಿ ಪೆಡಲನ್ನು ಬಿಡುತ್ತ ಬಂದೆ. ಕ್ಲಚ್ಚು ಹಿಡಿಯಿತು. ಆಗ ಬ್ರೇಕನ್ನು ಇಳಿಸಿದೆ. ಕಾರು ಒಂದು ಅಂಗುಲವೂ ಹಿಂದೆ ಸರಿಯದೆ ಮುಂದೆ ಹೊರಟಿತು. ಅಮ್ಮನ ತುಟಿಗಳಲ್ಲಿ ಏನೋ ಜಪ ನಡೆದಿತ್ತು.

ಸೂರ್ಯಾಸ್ತದ ಕಟ್ಟೆಯ ಬಳಿ ಕಾರನ್ನು ನಿಲ್ಲಿಸಿದಾಗ ಪಶ್ಚಿಮವೆಲ್ಲ ಕೆಂಪಾಗಿತ್ತು. ಸಮುದ್ರಮಟ್ಟದಿಂದ ಸುಮಾರು ೬೫೦ ಮೀಟರು ಎತ್ತರದ ಆ ಅಂಚಿನಿಂದ, ನಾವು ಹತ್ತಿ ಬಂದ ಕಾಡು, ಅದರಾಚೆ ಕರಾವಳಿಯ ಬಯಲು, ಕೊನೆಯಲ್ಲಿ ಕಡಲಿನ ಗೆರೆ. ಆಗುಂಬೆಯ ಪೇಟೆಯಲ್ಲಿ, ಶಂಕರನಾಗ್ ೧೯೮೦ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಬೀದಿಯಲ್ಲಿ, ಬಿಸಿ ಬಿಸಿ ಕಾಫಿ ಕುಡಿದು ಮುಂದೆ ಸಾಗಿದೆವು. ಮರುದಿನ ಬೆಳಗ್ಗೆ ಅಮ್ಮ ಅಣ್ಣನ ಪಕ್ಕದಲ್ಲಿಯೇ ಕುಳಿತಿದ್ದಳು.

ಮೂರನೆಯ ದಿನ ತೀರ್ಥಹಳ್ಳಿಯಲ್ಲಿ ಹೊಸ ತಟ್ಟೆ ಬಂದಿತು. ಬಿಚ್ಚಿದ ಹಳೆಯ ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಪದರ ಸವೆದು ರಿವೆಟ್ಟಿನ ತಲೆಗಳು ಮೇಲಕ್ಕೆ ಇಣುಕುತ್ತಿದ್ದವು. ಕೂದಲೆಳೆಯಷ್ಟು ಉಳಿದಿದ್ದ ಆ ಪದರದ ಮೇಲೆಯೇ ನಾವು ಘಾಟಿ ಹತ್ತಿದ್ದೆವು.

ಮರಳುವಾಗ ಹೆಬ್ರಿಯಲ್ಲಿ ಮೂಟೆಗಾಗಿ ನಿಂತೆವು. "ಎರಡು ಕಾಯಿ ಕಡಿಮೆ ಉಂಟು, ಅದು ಅಮ್ಮ ಕೊಟ್ಟದ್ದು" ಎಂದು ಮೆಕ್ಯಾನಿಕ್ಕರು ನಕ್ಕರು. ಹೊರಡುವ ಮುನ್ನ ಬಾಗಿಲಿನಿಂದ ಬಾಗಿ ನನ್ನ ಎಡಗಾಲನ್ನು ನೋಡಿದರು. ಅದು ನೆಲದ ಮೇಲಿತ್ತು.