ಟ್ರೆಂಟ್ ನದಿಯ ತಡಿಯ ಕಹಿ

ಇಂಗ್ಲೆಂಡಿನ ನಡುನಾಡಿನಲ್ಲಿ, ಟ್ರೆಂಟ್ ನದಿಯ ದಡದ ಮೇಲೆ ಬರ್ಟನ್ ಎಂಬ ಊರಿದೆ. ಪ್ರವಾಸಿಗರು ಮುಗಿಬಿದ್ದು ನೋಡುವಂಥ ಅರಮನೆಯಾಗಲಿ ಕೋಟೆಯಾಗಲಿ ಅಲ್ಲಿಲ್ಲ. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು, ಎತ್ತರದ ಉಕ್ಕಿನ ಕೊಪ್ಪರಿಗೆಗಳು. ಗಾಳಿ ಇತ್ತ ತಿರುಗಿತೆಂದರೆ ಬೇಯುವ ಧಾನ್ಯದ ಬೆಚ್ಚನೆಯ ವಾಸನೆ. ನಮ್ಮ ಹಳ್ಳಿಯ ಒಲೆಯ ಮೇಲೆ ಅಂಬಲಿ ಕುದಿಯುವಾಗ ಏಳುವ ವಾಸನೆಗೂ ಅದಕ್ಕೂ ದೂರದ ನಂಟುಂಟು. ಈ ಊರಿನ ಕೀರ್ತಿಯೆಲ್ಲ ಬಿಯರಿನದು. ಆ ಕೀರ್ತಿಯಲ್ಲಿ ಭಾರತಕ್ಕೂ ಒಂದು ಪಾಲಿದೆ.

ಕೀರ್ತಿಯ ಮೂಲವಿರುವುದು ನೆಲದಡಿಯಲ್ಲಿ. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದೆ. ಬಟ್ಟೆ ಒಗೆಯುವವರಿಗೆ ಬೇಡವಾದ ಈ ಗಡಸುನೀರು ಬಿಯರನ್ನು ತಿಳಿಗೊಳಿಸಿ, ಹಾಪ್ಸ್ ಹೂವಿನ ಕಹಿಯನ್ನು ಮೊನಚಾಗಿಸುತ್ತದೆ. ಹಾಪ್ಸ್ ಎಂಬುದು ಬಳ್ಳಿಯಲ್ಲಿ ಬಿಡುವ ಹಸಿರು ಹೂ. ಅದರ ರಾಳವು ಕಹಿಯನ್ನೂ ಕಂಪನ್ನೂ ಕೊಡುವುದಲ್ಲದೆ, ಬಿಯರ್ ಬೇಗನೆ ಕೆಡದಂತೆ ಕಾಯುತ್ತದೆ.

ಬರ್ಟನ್ನಿನ ವರ್ತಕರು ಮೊದಲು ಬಾಲ್ಟಿಕ್ ಸಮುದ್ರದ ಕಡೆಗೆ ಸರಕು ಕಳುಹಿಸುತ್ತಿದ್ದರು. 1822ರಲ್ಲಿ ರಷ್ಯಾ ಸುಂಕವನ್ನು ಏರಿಸಿತು, ವ್ಯಾಪಾರ ಕುಸಿಯಿತು. ಆಗ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬರು ಸ್ಯಾಮ್ಯುಯೆಲ್ ಆಲ್‌ಸಪ್ ಎಂಬ ವರ್ತಕನಿಗೆ ಲಂಡನ್ನಿನ ಹಾಡ್ಜ್‌ಸನ್ ಮನೆತನದವರು ಭಾರತಕ್ಕೆ ಕಳುಹಿಸುತ್ತಿದ್ದ ತೆಳುಬಣ್ಣದ ಬಿಯರನ್ನು ತೋರಿಸಿದರಂತೆ. ಅದರ ಮೊದಲ ಮಾದರಿಯನ್ನು ಆಲ್‌ಸಪ್‌ನ ಕೆಲಸಗಾರನು ಒಂದು ಚಹಾದ ಕೆಟಲಿನಲ್ಲಿ ಕುದಿಸಿ ಸಿದ್ಧಪಡಿಸಿದನೆಂದು ಊರಿನವರು ಇಂದಿಗೂ ಹೇಳುತ್ತಾರೆ. ಕಥೆ ನಿಜವಿರಲಿ, ಬಿಡಲಿ. ಗುಡ್‌ಹೋಪ್ ಭೂಶಿರವನ್ನು ಬಳಸಿ ತಿಂಗಳುಗಟ್ಟಲೆ ಸಾಗುವ ಹಡಗುಗಳಲ್ಲಿ ಬರ್ಟನ್ನಿನ ಪೀಪಾಯಿಗಳು ಕಲ್ಕತ್ತೆಯನ್ನು ತಲುಪಿದ್ದಂತೂ ನಿಜ. ಹೆಚ್ಚು ಹಾಪ್ಸ್ ಹಾಕಿದ ಆ ಬಿಯರಿಗೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನಿಂತಿತು.

ಊರು ಬೆಳೆಯಿತು. 1868ರಲ್ಲಿ ಲಂಡನ್ನಿನ ಸೇಂಟ್ ಪಾಂಕ್ರಾಸ್ ರೈಲು ನಿಲ್ದಾಣವನ್ನು ತೆರೆದಾಗ, ಅದರ ನೆಲಮಾಳಿಗೆಯ ಕಂಬಗಳ ಅಂತರವನ್ನು ಬರ್ಟನ್ನಿನ ಪೀಪಾಯಿಗಳ ಅಳತೆಗೆ ಹೊಂದಿಸಲಾಗಿತ್ತು! 1876ರಲ್ಲಿ ಬ್ರಿಟನ್ನಿನ ಮೊತ್ತಮೊದಲ ನೋಂದಾಯಿತ ವ್ಯಾಪಾರಮುದ್ರೆಯ ಗೌರವ ದೊರೆತದ್ದು ಇಲ್ಲಿನ ಬಾಸ್ ಸಂಸ್ಥೆಯ ಕೆಂಪು ತ್ರಿಕೋನಕ್ಕೆ.

ಇಲ್ಲಿನ ಕೈಚಳಕವನ್ನು ಕಾಣಬೇಕಾದರೆ ‘ಬರ್ಟನ್ ಯೂನಿಯನ್’ ಎಂಬ ಏರ್ಪಾಟನ್ನು ನೋಡಬೇಕು. ಸಾಲಾಗಿ ತೂಗಿಟ್ಟ ಓಕ್ ಮರದ ಪೀಪಾಯಿಗಳು. ಅವುಗಳ ಮೇಲೊಂದು ಉದ್ದನೆಯ ತೊಟ್ಟಿ. ಹುದುಗುವ ಬಿಯರಿನ ನೊರೆಯು ಹಾಲು ಉಕ್ಕುವಂತೆ ಉಕ್ಕಿ, ಹಂಸದ ಕೊರಳಿನಂತೆ ಬಾಗಿದ ಕೊಳವೆಯಿಂದ ತೊಟ್ಟಿಗೆ ಬೀಳುತ್ತದೆ. ಯೀಸ್ಟ್ ಅಲ್ಲೇ ಉಳಿದು, ತಿಳಿಯಾದ ಬಿಯರ್ ಮರಳಿ ಪೀಪಾಯಿಗೆ ಇಳಿಯುತ್ತದೆ. ಸೊಗಸಾದ ಕ್ರಮ, ಆದರೆ ಬಲು ದುಬಾರಿ. ಊರಿನಲ್ಲಿ ಇದನ್ನು ಕೊನೆಯವರೆಗೂ ಉಳಿಸಿಕೊಂಡಿದ್ದ ಮಾರ್‌ಸ್ಟನ್ಸ್ ಕಾರ್ಖಾನೆಯಲ್ಲಿಯೂ 2024ರಲ್ಲಿ ಪೀಪಾಯಿಗಳು ಮೌನವಾದವು.

ಅವೆಲ್ಲವೂ ಸೌದೆಯಾಗಲಿಲ್ಲವೆಂಬುದೇ ಸಮಾಧಾನ. ನ್ಯೂಯಾರ್ಕಿನ ಬಿಯರ್ ತಯಾರಕ ಗ್ಯಾರೆಟ್ ಆಲಿವರ್ ಅವರ ಪ್ರಯತ್ನದಿಂದ ಒಂದು ಸಾಲು ಪೀಪಾಯಿಗಳು ನೆರೆಯ ಡರ್ಬಿಷೈರಿನ ಥಾರ್ನ್‌ಬ್ರಿಜ್ ಕಾರ್ಖಾನೆಯನ್ನು ಸೇರಿ, ಅದೇ ವರ್ಷ ಮತ್ತೆ ನೊರೆಯುಕ್ಕಿಸಿದವು.

ಆ ಕಾರ್ಖಾನೆಯು 2005ರಿಂದ ತಯಾರಿಸುತ್ತಿರುವ ಬಿಯರೊಂದರ ಹೆಸರು ‘ಜೈಪುರ’! ಮದ್ಯಸಾರ ಶೇಕಡಾ 5.9. ಹೊಂಬಣ್ಣದ ಲೋಟವನ್ನು ಮೂಗಿನ ಬಳಿ ತಂದರೆ ಆಗತಾನೇ ಸುಲಿದ ಚಕ್ಕೋತದ ಸಿಪ್ಪೆಯ ಕಂಪು. ಮೊದಲ ಗುಟುಕಿನಲ್ಲಿ ಜೇನಿನ ನೆನಪು. ಬಳಿಕ ಹಾಗಲಕಾಯಿಯ ಗೊಜ್ಜಿನಲ್ಲಿ ಬೆಲ್ಲವನ್ನು ದಾಟಿ ಬರುವಂತೆ ಕಹಿ ನಿಧಾನವಾಗಿ ಬಂದು ನಾಲಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಕಂಪಿಗೆ ಕಾರಣ ಅಮೆರಿಕದ ಹಾಪ್ಸ್. ಮೆಚ್ಚಬೇಕಾದ ರುಚಿಯೇ ಸರಿ. ಆದರೆ ಬರ್ಟನ್ನಿನ ಹಳೆಯ ಬಿಯರಿನಲ್ಲಿ ಕಡ್ಡಿ ಗೀರಿದಾಗ ಸುಳಿಯುವಂಥ ಗಂಧಕದ ಎಳೆಯೊಂದಿತ್ತು. ಅದು ಆ ನೆಲದ ನೀರಿನ ಗುರುತು. ಹಾಪ್ಸಿನ ಈ ಅಬ್ಬರದಲ್ಲಿ ಅಂಥ ಮೆಲುದನಿಗೆ ಎಡೆಯಿಲ್ಲ.

ಇಂದು ಇಂಡಿಯಾ ಪೇಲ್ ಏಲ್ ಜಗತ್ತಿನ ನಗರಗಳಲ್ಲೆಲ್ಲ ದೊರೆಯುತ್ತದೆ. ಬೆಂಗಳೂರಿನಲ್ಲಿಯೇ ತಯಾರಿಸುವವರೂ ಇದ್ದಾರೆ. ಹೆಸರು ಉಳಿಯಿತು, ಕಹಿಯೂ ಉಳಿಯಿತು, ಒಂದು ಸಾಲು ಪೀಪಾಯಿಗಳೂ ಉಳಿದವು. ಬರ್ಟನ್ನಿನ ಬಾವಿಗಳ ನೀರು ಮಾತ್ರ ಎಲ್ಲಿಗೂ ಹೋಗಿಲ್ಲ. ತನ್ನ ರುಚಿಯನ್ನು ಬಲ್ಲವರಿಗಾಗಿ ನೆಲದಡಿಯಲ್ಲಿ ಕಾದಿದೆ.